ನೋಡಿದ ಹಂಪಿಗೆ ಮತ್ತೆ ಹೊರಡುವ ಜೋಡಿಗೆ

ಹಂಪಿಗೆ ಬರುವ ಹೆಚ್ಚಿನ ದಂಪತಿಗಳ ದಿನ ಒಂದೇ ಜಾಡಿನಲ್ಲಿ ಸಾಗುತ್ತದೆ. ಬೆಳಿಗ್ಗೆ ಹೊಸಪೇಟೆಯಿಂದ ಹೊರಟು ಸಾಸಿವೆಕಾಳು ಗಣಪ, ವಿರೂಪಾಕ್ಷ, ಉಗ್ರನರಸಿಂಹ, ಬಡವಿಲಿಂಗ, ಕಮಲ ಮಹಲು, ಆನೆ ಲಾಯ. ಊಟವಾದ ಮೇಲೆ ವಿಜಯ ವಿಠ್ಠಲ ಗುಡಿ, ಕಲ್ಲಿನ ರಥದ ಮುಂದೆ ಫೋಟೊ. ಸಂಜೆಗೆ ತುಂಗಭದ್ರಾ ಅಣೆಕಟ್ಟಿನ ಉದ್ಯಾನ, ಬಣ್ಣದ ಕಾರಂಜಿ. ಮದುವೆಯಾದ ಹೊಸದರಲ್ಲಿ ಒಮ್ಮೆ, ಮಕ್ಕಳನ್ನು ಕರೆದುಕೊಂಡು ಒಮ್ಮೆ, ಊರಿಂದ ಬಂದ ನೆಂಟರ ಜೊತೆ ಮತ್ತೊಮ್ಮೆ ಇದೇ ಸುತ್ತು ಮುಗಿಸಿದವರಿಗೆ ಮುಂದಿನ ಸಲ ಹೊರಡುವಾಗ ಉತ್ಸಾಹ ಕುಗ್ಗುವುದು ಸಹಜ. ಆದರೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ನೆಲದ ವಿಸ್ತಾರ 41 ಚದರ ಕಿಲೋಮೀಟರಿಗೂ ಹೆಚ್ಚು. ಉಳಿದಿರುವ ಕಟ್ಟಡ, ಅವಶೇಷಗಳು 1,600ಕ್ಕೂ ಮಿಕ್ಕಿವೆ. ವಾಡಿಕೆಯ ಸುತ್ತು ಅದರಲ್ಲಿ ಹತ್ತು ಹದಿನೈದನ್ನು ಮಾತ್ರ ಮುಟ್ಟುತ್ತದೆ, ಅದೂ ಬಹುಪಾಲು ಒಂದೇ ಋತುವಿನಲ್ಲಿ, ಒಂದೇ ಹೊತ್ತಿನಲ್ಲಿ.

ಪರಿಚಿತ ಜಾಗವನ್ನು ಹೊಸದಾಗಿಸಲು ದೂರದ ಊರುಗಳನ್ನು ಸೇರಿಸುತ್ತ ಹೋಗುವುದು ಸುಲಭದ ದಾರಿಯಾದರೂ ಒಳ್ಳೆಯ ದಾರಿಯಲ್ಲ. ಸೇರಿಸಿದಷ್ಟೂ ಪ್ರಯಾಣ ಹೆಚ್ಚುತ್ತದೆ, ನೋಟ ತೆಳುವಾಗುತ್ತದೆ. ಋತು ಬದಲಿಸುವುದು, ಹೊತ್ತು ಬದಲಿಸುವುದು, ಒಂದು ಸಲಕ್ಕೆ ಒಂದೇ ಎಳೆ ಹಿಡಿಯುವುದು, ಆ ಎಳೆಯನ್ನು ಸರದಿಯಂತೆ ಒಬ್ಬೊಬ್ಬರು ಆರಿಸುವುದು ಹೆಚ್ಚು ಫಲ ಕೊಡುತ್ತವೆ. ಜೊತೆಯಾಗಿ ಹೊಸದೇನನ್ನಾದರೂ ಮಾಡುವುದು ದಾಂಪತ್ಯಕ್ಕೆ ಒಳ್ಳೆಯದು ಎಂಬುದಕ್ಕೆ ಆಧಾರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಜೋಡಿಗಳ ಕೈಕಾಲುಗಳನ್ನು ಒಂದು ಬದಿಯಲ್ಲಿ ಪಟ್ಟಿಯಿಂದ ಕಟ್ಟಿ, ಅಂಬೆಗಾಲಿಕ್ಕುತ್ತ ಅಡ್ಡಿ ದಾಟುವ ಆಟ ಆಡಿಸಿದರು. ಬೇರೆ ಕೆಲವರಿಗೆ ಸಪ್ಪೆ ಕೆಲಸ ಕೊಟ್ಟರು. ಹೊಸ ಆಟ ಆಡಿದವರಲ್ಲಿ ಸಂಬಂಧದ ಬಗೆಗಿನ ತೃಪ್ತಿ ಹೆಚ್ಚು ಏರಿತ್ತು. ಅಲ್ಲಿ ಹಿಡಿದದ್ದು ಕೆಲವೇ ನಿಮಿಷ, ಬೇಕಾದದ್ದು ಒಂದು ಕೋಣೆ. ಹೊಸತನಕ್ಕೆ ದೊಡ್ಡ ಖರ್ಚಾಗಲಿ ದೂರದ ಊರಾಗಲಿ ಬೇಕಿಲ್ಲ ಎನ್ನಲು ಅಷ್ಟು ಸಾಕು.

ಮೊದಲ ಬದಲಾವಣೆ ಋತುವಿನದು. ಈ ಸೀಮೆಯಲ್ಲಿ ಅದನ್ನು ತಿಂಗಳಿಗಿಂತ ನದಿಯ ನೀರಿನಿಂದ ಅಳೆಯುವುದು ಮೇಲು. ಹೊಸಪೇಟೆಯ ಬಳಿ 1945ರಲ್ಲಿ ಆರಂಭವಾಗಿ 1953ರ ಹೊತ್ತಿಗೆ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳಿವೆ. ಮಲೆನಾಡಿನಲ್ಲಿ ಮಳೆ ಹಿಡಿದು ಜಲಾಶಯ ತುಂಬಿದ ವರ್ಷ ಜುಲೈ, ಆಗಸ್ಟಿನಲ್ಲಿ ಗೇಟು ತೆರೆಯುತ್ತಾರೆ. ಹೊಸಪೇಟೆಯವರು ಮನೆಮಂದಿಯೊಂದಿಗೆ ನೀರು ನೋಡಲು ಹೊರಡುವುದು ಆಗಲೇ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಗಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿದ ದಿನಗಳಲ್ಲಿ ಈ ಅಣೆಕಟ್ಟಿನ ಮೇಲೆ ಎಷ್ಟು ಬದುಕು ನಿಂತಿದೆ ಎಂಬುದು ನಾಡಿಗೆಲ್ಲ ಅರಿವಾಯಿತು. ನದಿ ತುಂಬಿ ಹರಿಯುವಾಗ ಹಂಪಿಯ ಪುರಂದರದಾಸರ ಮಂಟಪ ಮುಳುಗುತ್ತದೆ, ಚಕ್ರತೀರ್ಥದಲ್ಲಿ ಹರಿಗೋಲು ನಿಲ್ಲುತ್ತದೆ, ಬಂಡೆಗಳ ನಡುವೆ ನೀರಿನ ಸದ್ದು ವಿಠ್ಠಲ ಗುಡಿಯವರೆಗೂ ಜೊತೆಗೆ ಬರುತ್ತದೆ. ಚಳಿಗಾಲದಲ್ಲಿ ಮಾತ್ರ ಬಂದವರು ಈ ಹಂಪಿಯನ್ನು ಕಂಡಿರುವುದಿಲ್ಲ. ಮಳೆಗಾಲದಲ್ಲಿ ಗದ್ದೆಗಳು ನಾಟಿಯಾಗಿ ಹಸಿರೇರಿರುತ್ತವೆ, ಜನವೂ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುವುದರಿಂದ ನಡಿಗೆಯನ್ನು ಬೆಳಗಿನ 9ಕ್ಕೆ ಮುಗಿಸಬೇಕಾಗುತ್ತದೆ. ಆದರೆ ನದಿ ಇಳಿದು, ಉಳಿದ ಕಾಲದಲ್ಲಿ ನೀರಿನಡಿ ಇರುವ ಬಂಡೆಗಳು ಹೊರಬರುವುದು ಆಗ ಮಾತ್ರ.

ನೀರಿನ ಎಳೆಯನ್ನೇ ಹಿಡಿದು ಒಂದು ಇಡೀ ದಿನ ಕಳೆಯುವುದಕ್ಕೂ ಹಂಪಿಯಲ್ಲಿ ಬೇಕಾದಷ್ಟಿದೆ. ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ರಾಯ ಮತ್ತು ಬಸವಣ್ಣ ಕಾಲುವೆಗಳ ಹಳೆಯ ಒಡ್ಡು ಜಲಾಶಯದಲ್ಲಿ ಮುಳುಗಿದ್ದರಿಂದ ಅವಕ್ಕೆ ಈಗ ಅಣೆಕಟ್ಟಿನಿಂದಲೇ ನೀರು. ತುರ್ತಾ ಕಾಲುವೆ ಹಂಪಿಯ ಗುಡ್ಡಗಳ ನಡುವಿನ ಬಾಳೆ, ಕಬ್ಬು, ಭತ್ತದ ತೋಟಗದ್ದೆಗಳನ್ನು ಹಾದು ಹೋಗುತ್ತದೆ. ಅದರ ಪಕ್ಕದ ದಾರಿಯಲ್ಲಿ ಬೆಳಿಗ್ಗೆ ಸೈಕಲ್ ತುಳಿದು, ಕಮಲಾಪುರದ ಕೆರೆಯ ಏರಿ ನೋಡಿ, ಅಲ್ಲಿಂದ ಅರಮನೆ ಆವರಣದ ಕಲ್ಲಿನ ಮೇಲ್ಗಾಲುವೆಯ ಜಾಡು ಹಿಡಿದು ಮೆಟ್ಟಿಲು ಪುಷ್ಕರಣಿಗೆ ಬಂದರೆ, ಮೊದಲು ಬಿಡಿಬಿಡಿಯಾಗಿ ಕಂಡಿದ್ದೆಲ್ಲ ಒಂದಕ್ಕೊಂದು ಕೂಡುತ್ತದೆ. ಕಪ್ಪು ಕಲ್ಲಿನ ಆ ಪುಷ್ಕರಣಿ 1980ರ ದಶಕದ ಉತ್ಖನನದವರೆಗೆ ಮಣ್ಣಿನಡಿ ಇತ್ತು. ಅದರ ಕಲ್ಲುಗಳ ಮೇಲೆ ಯಾವ ದಿಕ್ಕಿನ ಯಾವ ಸಾಲಿಗೆ ಸೇರಬೇಕೆಂಬ ಗುರುತುಗಳಿವೆ. ಇಬ್ಬರೂ ಕೂತು ಹುಡುಕಿದರೆ ಅರ್ಧ ಗಂಟೆ ತಿಳಿಯದಂತೆ ಹೋಗುತ್ತದೆ.

ಹೊತ್ತು ಮತ್ತು ದಿಕ್ಕು ಬದಲಿಸುವುದಕ್ಕೆ ಖರ್ಚೇ ಇಲ್ಲ. ವಿಠ್ಠಲ ಗುಡಿಗೆ ಹೆಚ್ಚಿನವರು ಗೆಜ್ಜಲ ಮಂಟಪದ ಕಡೆಯಿಂದ ಬ್ಯಾಟರಿ ವಾಹನದಲ್ಲಿ ಬಂದು, ಅದರಲ್ಲೇ ವಾಪಸಾಗುತ್ತಾರೆ. ಬದಲಾಗಿ ವಿರೂಪಾಕ್ಷ ಬಜಾರಿನ ತುದಿಯಿಂದ ನದಿಯ ದಂಡೆಗುಂಟ ನಡೆದು ಹೋಗಬೇಕು. ಕೋದಂಡರಾಮ ಗುಡಿ, ಯಂತ್ರೋದ್ಧಾರಕ ಆಂಜನೇಯ, ಅಚ್ಯುತರಾಯನ ಗುಡಿಯ ಮುಂದಿನ ಬಿಕೋ ಎನ್ನುವ ಹಳೆಯ ಪೇಟೆ, ವರಾಹ ಗುಡಿ, ರಾಜರ ತುಲಾಭಾರದ ಕಂಬಗಳು, ಹೀಗೆ ಒಂದಾದ ಮೇಲೊಂದು ಬರುತ್ತವೆ. ದಾರಿ ಎರಡು ಕಿಲೋಮೀಟರಿನಷ್ಟು. ನೋಡುತ್ತ ನಡೆದರೆ ಎರಡು ತಾಸು ಬೇಕು. ಬೆಳಿಗ್ಗೆ ಬೇಗ ಹೊರಟವರಿಗೆ ಗುಡಿ ಹೆಚ್ಚುಕಡಿಮೆ ಖಾಲಿಯಾಗಿ ಸಿಗುತ್ತದೆ. ಪುರಾತತ್ವ ಇಲಾಖೆಯ ಒಂದೇ ಟಿಕೆಟು ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಇಟ್ಟುಕೊಳ್ಳಬೇಕು. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅದರ ಅಂಗಳದಲ್ಲಿ ಹಂಪಿಯ ಗುಡ್ಡ, ನದಿ, ಕೋಟೆಗಳ ದೊಡ್ಡ ಮಾದರಿಯಿದೆ. ಮತ್ತೆ ಬಂದವರು ಅಲ್ಲಿಂದಲೇ ದಿನ ಆರಂಭಿಸಿ, ತಾವು ಹಿಂದೆ ನಡೆದ ದಾರಿಗಳನ್ನು ಗುರುತಿಸಿಕೊಂಡು ಬಿಟ್ಟುಹೋದ ಜಾಗಗಳನ್ನು ಆರಿಸಿಕೊಳ್ಳಬಹುದು.

ಸೂರ್ಯಾಸ್ತಕ್ಕೆ ಹೇಮಕೂಟ ಹತ್ತಿದವರು ಈ ಸಲ ಸೂರ್ಯೋದಯಕ್ಕೆ ಹತ್ತಬೇಕು, ಇಲ್ಲವೇ ಮಾಲ್ಯವಂತಕ್ಕೆ ಹೋಗಬೇಕು. ಕಂಪ್ಲಿ ರಸ್ತೆಯ ಪಕ್ಕದ ಈ ಗುಡ್ಡದಲ್ಲಿ ರಘುನಾಥ ಗುಡಿಯಿದೆ. ಸೀತೆಯನ್ನು ಹುಡುಕುತ್ತ ಬಂದ ರಾಮ ಮಳೆಗಾಲ ಕಳೆದದ್ದು ಇಲ್ಲೇ ಎಂಬುದು ಸ್ಥಳದ ನಂಬಿಕೆ. ಆದ್ದರಿಂದ ಶ್ರಾವಣದ ಮೋಡ ಕವಿದ ಸಂಜೆ ಇಲ್ಲಿಗೆ ಬರುವುದಕ್ಕೆ ಬೇರೆಯದೇ ತೂಕ. ಬೆಟ್ಟದವರೆಗೂ ವಾಹನ ಹೋಗುವುದರಿಂದ ಮೊಣಕಾಲು ನೋವಿನವರಿಗೂ ಇದು ತಲುಪುವ ಜಾಗ. ಮಾತಂಗ ಬೆಟ್ಟದ ಮೆಟ್ಟಿಲು ಮತ್ತು ಅಂಜನಾದ್ರಿಯ 575 ಮೆಟ್ಟಿಲುಗಳ ಮಟ್ಟಿಗೆ ಹಾಗೆನ್ನಲಾಗದು.

ಒಂದು ಸಲಕ್ಕೆ ಒಂದೇ ಎಳೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಹಜಾರರಾಮ ಗುಡಿ. ವಾಡಿಕೆಯ ಸುತ್ತಿನಲ್ಲಿ ಅದಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಗುಡಿಯ ಗೋಡೆಯ ಮೇಲೆ ಮೂರು ಸಾಲುಗಳಲ್ಲಿ ರಾಮಾಯಣ ಕಡೆದಿದೆ. ಪ್ರದಕ್ಷಿಣೆ ಬರುತ್ತ ಓದಬೇಕು. ಹೊರಗಿನ ಪ್ರಾಕಾರದ ಗೋಡೆಯ ಮೇಲೆ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳು ಮೆರವಣಿಗೆಯಾಗಿ ಸಾಗುತ್ತವೆ. ಒಬ್ಬರು ಕಥೆ ಹೇಳುತ್ತ ಮುಂದೆ ಹೋಗಿ, ಇನ್ನೊಬ್ಬರು ಆಯಾ ದೃಶ್ಯವನ್ನು ಕಲ್ಲಿನಲ್ಲಿ ಹುಡುಕುತ್ತ ಬಂದರೆ ಪುತ್ರಕಾಮೇಷ್ಟಿಯಿಂದ ಪಟ್ಟಾಭಿಷೇಕದವರೆಗೆ ಒಂದು ಬೆಳಗು ಸಾಕಾಗುವುದಿಲ್ಲ. ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ ರಾಮಾಯಣ ಇಬ್ಬರದೂ ಸ್ವಲ್ಪ ಬೇರೆ ಇರುತ್ತದೆ. ಆ ವ್ಯತ್ಯಾಸದ ಮಾತೇ ಪ್ರವಾಸದ ಒಳ್ಳೆಯ ಪಾಲು. ಅಲ್ಲಿಂದ ಮಹಾನವಮಿ ದಿಬ್ಬ ನಡಿಗೆಯ ದೂರದಲ್ಲಿದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಪಯಣಿಗ ಡೊಮಿಂಗೊ ಪಾಯೆಸ್ ಒಂಬತ್ತು ದಿನದ ಹಬ್ಬವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅವನ ಬರಹ 1900ರಲ್ಲಿ ಬಂದ ರಾಬರ್ಟ್ ಸೀವೆಲ್‌ನ ಪುಸ್ತಕದ ಮೂಲಕ ಪ್ರಸಿದ್ಧವಾಯಿತು, ಕನ್ನಡಕ್ಕೂ ಬಂದಿದೆ. ಆ ಪುಟಗಳನ್ನು ದಿಬ್ಬದ ಮೇಲೆ ಕೂತು ಗಟ್ಟಿಯಾಗಿ ಓದಿ, ಆಮೇಲೆ ಕೆಳಗಿಳಿದು ಬದಿಯ ಕಲ್ಲುಗಳಲ್ಲಿರುವ ಬೇಟೆ, ಕುಣಿತ, ಕುದುರೆ ತಂದ ಪರದೇಶಿಗಳನ್ನು ನೋಡಬೇಕು.

ಫೋಟೊ ಹುಚ್ಚಿನವರಿಗೆ ಇನ್ನೊಂದು ಎಳೆಯಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಛಾಯಾಚಿತ್ರಗಳನ್ನು ತೆಗೆದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ಚೌಕಟ್ಟುಗಳನ್ನು ಮತ್ತೆ ಹಿಡಿದರು. ಗ್ರೀನ್‌ಲಾನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ, ಈಗ ಅದಿಲ್ಲ. 50 ರೂಪಾಯಿ ನೋಟಿನಲ್ಲಿರುವುದು ಶಿಖರವಿಲ್ಲದ ರಥ. ದಂಪತಿಗಳೂ ತಮ್ಮ ಹಳೆಯ ಆಲ್ಬಮಿನ ಹಂಪಿ ಚಿತ್ರಗಳನ್ನು ಮೊಬೈಲಿಗೆ ಇಳಿಸಿಕೊಂಡು ಬಂದು, ಅದೇ ಕಂಬ, ಅದೇ ಮೆಟ್ಟಿಲಿನ ಬಳಿ ನಿಂತು ಮತ್ತೆ ತೆಗೆಸಿಕೊಳ್ಳಬಹುದು. ಕೆಲವು ಕಡೆ ಅದು ಆಗದು. ರಥವನ್ನು ಮುಟ್ಟದಂತೆ ಸುತ್ತ ತಡೆ ಹಾಕಿದ್ದಾರೆ, ಸಂಗೀತ ಕಂಬಗಳನ್ನು ಬಾರಿಸುವುದು ನಿಷಿದ್ಧ. ಹಿಂದೆ ರಥದ ಚಕ್ರ ಹಿಡಿದು ನಿಂತ ಚಿತ್ರವಿದ್ದವರು ಈ ಸಲ ದೂರದಿಂದಲೇ ನಿಲ್ಲಬೇಕು. ಕಲ್ಲು ಉಳಿಯಬೇಕಾದರೆ ಅದು ಸರಿಯೇ.

ಹಬ್ಬದ ಎಳೆ ಜೋಡಿಗಳಿಗೆ ವಿಶೇಷವಾಗಿ ಒಪ್ಪುವಂಥದ್ದು, ಹೊರಗಿನವರಿಗೆ ಅಷ್ಟಾಗಿ ತಿಳಿದೂ ಇಲ್ಲ. ವಿರೂಪಾಕ್ಷ ಗುಡಿಯಲ್ಲಿ ಪಂಪಾದೇವಿಗೂ ವಿರೂಪಾಕ್ಷನಿಗೂ ಮದುವೆ ನಿಶ್ಚಯವಾಗುವುದು ನವೆಂಬರ್–ಡಿಸೆಂಬರ್ ಹೊತ್ತಿಗೆ ಬರುವ ಫಲಪೂಜೆಯಲ್ಲಿ. ಕಲ್ಯಾಣವೂ ತೇರೂ ಚೈತ್ರದಲ್ಲಿ. ಒಂದು ವರ್ಷ ನಿಶ್ಚಿತಾರ್ಥಕ್ಕೆ ಬಂದು, ಮುಂದಿನ ಸಲ ಮದುವೆಗೆ ಬರುವ ಯೋಜನೆ ಹಾಕಿಕೊಂಡರೆ ಎರಡು ಪ್ರವಾಸಗಳು ಒಂದೇ ಕಥೆಯ ಎರಡು ಭಾಗಗಳಾಗುತ್ತವೆ. ಆಗ ಗುಡಿಯಲ್ಲಿ ಕಾಣುವುದು ಸುತ್ತಲ ಹಳ್ಳಿಗಳ ಭಕ್ತರು. ಸರ್ಕಾರದ ಹಂಪಿ ಉತ್ಸವ ಬೇರೆಯೇ ಬಗೆಯದು. ವೇದಿಕೆ, ದೀಪಾಲಂಕಾರ, ಜನಜಂಗುಳಿ. ಅದರ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ದಿನಗಳಲ್ಲಿ ಹೊಸಪೇಟೆಯಲ್ಲಿ ಕೋಣೆ ಸಿಗುವುದು ಕಷ್ಟ. ನೆಮ್ಮದಿ ಬಯಸುವವರು ತಪ್ಪಿಸುವುದೇ ಒಳ್ಳೆಯದು.

ಹೊಸಪೇಟೆಯನ್ನು ಹೆಚ್ಚಿನವರು ಮಲಗುವ ಊರಾಗಿ ಮಾತ್ರ ಬಳಸುತ್ತಾರೆ. ಹಂಪಿ ರಸ್ತೆಯಲ್ಲಿ ಊರಿಗೆ ಅಂಟಿಕೊಂಡಂತಿರುವ ಅನಂತಶಯನಗುಡಿಯ ಬಳಿ ದಿನಕ್ಕೆ ನೂರಾರು ವಾಹನಗಳು ಹಾದುಹೋದರೂ ನಿಲ್ಲುವವು ಕೆಲವೇ. 1524ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಈ ಗುಡಿಯ ಗರ್ಭಗೃಹದ ಮೇಲೆ ಎತ್ತರದ, ಉದ್ದನೆಯ ಕಮಾನು ಚಾವಣಿಯಿದೆ. ಹಂಪಿಯ ಬೇರಾವ ಗುಡಿಗೂ ಇದು ಹೋಲುವುದಿಲ್ಲ. ಒಳಗೆ ಮಲಗಿದ ದೇವರಿಗಾಗಿ ಮಾಡಿದ ಉದ್ದನೆಯ ಪೀಠ ಈಗ ಬರಿದು. ಊರಿನೊಳಗೆ ಬೆಳಗಿನ ಹೊತ್ತು ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ತಿನ್ನದೆ ಹೊರಡಬಾರದು. ಪ್ರತಿ ಸಲ ಹೋಟೆಲಿನ ಇಡ್ಲಿ ತಿಂದು ಹೊರಟವರಿಗೆ ಅಷ್ಟೇ ಸಾಕು, ದಿನ ಬೇರೆಯಾಗುತ್ತದೆ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಖಾನಾವಳಿ.

ನದಿಯ ಆಚೆ ದಡಕ್ಕೆ ಒಂದು ರಾತ್ರಿಯ ತಂಗುವಿಕೆಯನ್ನು ಬದಲಿಸಿದರೂ ನೋಟವೇ ತಿರುಗುತ್ತದೆ. ವಿರೂಪಾಪುರ ಗಡ್ಡೆಯಲ್ಲಿ ಹಿಂದೆ ತಂಗಿದವರು ಅದನ್ನೇ ಹುಡುಕಿಕೊಂಡು ಹೋಗಬಾರದು. ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ 2020ರಲ್ಲಿ ಅಲ್ಲಿನ ರೆಸಾರ್ಟುಗಳನ್ನು ತೆರವುಗೊಳಿಸಲಾಗಿದೆ. ಆನೆಗೊಂದಿಯಲ್ಲಿ ಹಳೆಯ ಮನೆಗಳ ಹೋಮ್‌ಸ್ಟೇಗಳಿವೆ, ಬಾಳೆನಾರಿನ ಚೀಲ, ಚಾಪೆ ಹೆಣೆಯುವ ಹೆಣ್ಣುಮಕ್ಕಳಿದ್ದಾರೆ, ನದಿಯ ನಡುಗಡ್ಡೆಯಲ್ಲಿ ವ್ಯಾಸರಾಯರೂ ಸೇರಿ ಒಂಬತ್ತು ಯತಿಗಳ ನವಬೃಂದಾವನವಿದೆ. ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಮೂಲಕ ವಾಹನದಲ್ಲಿ ಹೋಗಬಹುದು. ಗಂಗಾವತಿಯ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಶಿಲಾಯುಗದ ನಂತರದ ಜನ ಎಬ್ಬಿಸಿದ ನೂರಾರು ಕಲ್ಲಿನ ಗೋರಿಮನೆಗಳು; ವಿಜಯನಗರಕ್ಕಿಂತ ಸಾವಿರ ವರ್ಷಕ್ಕೂ ಹಳೆಯವು.

ಸಂಡೂರು ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರು. ಹಂಪಿಯ ಬೋಳು ಬಂಡೆಗಳಿಂದ ಬಂದವರಿಗೆ ಇಲ್ಲಿನ ಕಾಡುಗುಡ್ಡ, ಕೆಂಪು ಮಣ್ಣು ಬೇರೆಯೇ ನಾಡು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂಬ ಮಾತು ಗಾಂಧೀಜಿಯವರ ಹೆಸರಿನಲ್ಲಿ ಈ ಭಾಗದಲ್ಲಿ ಪ್ರಚಲಿತವಾಗಿದೆ. ಅವರು 1934ರಲ್ಲಿ ಇಲ್ಲಿಗೆ ಬಂದಿದ್ದರು. ಮಾತು ಯಾರದೇ ಆಗಿರಲಿ, ಸಲಹೆ ಸರಿಯಾದದ್ದು. ಮಳೆ ಹಿಂದೆ ಸರಿಯುವ ಆ ತಿಂಗಳು ಬೆಟ್ಟಗಳ ಮೇಲೆ ಬೆಳಗಿನ ಮಂಜು ಕೂತಿರುತ್ತದೆ, ನಾರಿಹಳ್ಳದ ಜಲಾಶಯದಲ್ಲಿ ನೀರಿರುತ್ತದೆ. ಗುಡ್ಡಗಳನ್ನು ಸೀಳಿ ಹಳ್ಳ ಹರಿಯುವ ಉಬ್ಬಳಗಂಡಿ, ಭೀಮಗಂಡಿಗಳನ್ನು ನೋಡಲು ಇದೇ ಕಾಲ. ಬ್ರಿಟಿಷರು ಬಳ್ಳಾರಿಯ ದಂಡಿನ ಸೈನಿಕರ ಆರೋಗ್ಯಧಾಮವಾಗಿ ಬಳಸಿದ ರಾಮನದುರ್ಗವೂ ಈ ಬೆಟ್ಟಸಾಲಿನಲ್ಲೇ ಇದೆ. ಅಲ್ಲಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಬೇಕು.

ಕುಮಾರಸ್ವಾಮಿ ಬೆಟ್ಟದಲ್ಲಿ ಎರಡು ಹಳೆಯ ಗುಡಿಗಳಿವೆ. ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ವಿಜಯನಗರ ಹುಟ್ಟುವುದಕ್ಕೆ ಐದಾರು ಶತಮಾನ ಮೊದಲಿನದು. ಪಕ್ಕದ ಕುಮಾರಸ್ವಾಮಿ ಗುಡಿಯೊಳಗೆ ಮಹಿಳೆಯರು ಹೋಗಬಾರದೆಂಬ ಸಂಪ್ರದಾಯ ಬಹುಕಾಲದಿಂದ ನಡೆದುಬಂದಿದೆ. ಜೋಡಿಯಾಗಿ ಹೋಗುವವರಿಗೆ ಇದು ಮೊದಲೇ ಗೊತ್ತಿರಬೇಕು. ಬಾಗಿಲಲ್ಲಿ ಒಬ್ಬರನ್ನು ತಡೆದಾಗ ದಿನವೇ ಕಹಿಯಾಗುತ್ತದೆ. ಇಬ್ಬರೂ ಒಟ್ಟಿಗೆ ಪಾರ್ವತಿ ಗುಡಿಯಲ್ಲಿ ಹೊತ್ತು ಕಳೆಯುವುದು ಮೇಲು. ಶಿಲ್ಪದ ದೃಷ್ಟಿಯಿಂದಲೂ ಅದು ನಷ್ಟವಲ್ಲ.

ಊರಿನಲ್ಲಿ ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಹೋಗದೆ ಮರಳಬಾರದು. ಸುತ್ತಲ ತಾಂಡಾಗಳ ಲಂಬಾಣಿ ಮಹಿಳೆಯರು ಕನ್ನಡಿ, ಕವಡೆ, ಬಣ್ಣದ ದಾರಗಳಿಂದ ಹಾಕುವ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಸಭೆ ನಡೆದಾಗ ಈ ಕೈಗಳ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಹಂಪಿಯ ಬಜಾರಿನಲ್ಲಿ ಸಿಗುವ ಎಲ್ಲ ಊರಿನ ಸರಕಿಗಿಂತ, ಹೊಲಿದವರ ಮುಂದೆಯೇ ಕೂತು ಆರಿಸಿದ ಒಂದು ದುಪಟ್ಟಾ ಹೆಚ್ಚು ಕಾಲ ಮನೆಯಲ್ಲಿ ಉಳಿಯುತ್ತದೆ. ಗಣಿ ಲಾರಿಗಳ ಓಡಾಟ ಈ ರಸ್ತೆಗಳಲ್ಲಿ ಹೆಚ್ಚು. ಬೆಳಿಗ್ಗೆ ಬೇಗ ಹೊರಟು, ಕತ್ತಲಾಗುವ ಮೊದಲು ಮರಳುವುದು ಕ್ಷೇಮ.

ಕಂಪ್ಲಿಯನ್ನು ಪ್ರವಾಸಿ ಕೈಪಿಡಿಗಳು ಬಹುಪಾಲು ಬಿಟ್ಟೇಬಿಟ್ಟಿವೆ. ಹಂಪಿಯ ಕಥೆ ನಿಜವಾಗಿ ಆರಂಭವಾಗುವುದು ಇಲ್ಲಿಂದ. ದೆಹಲಿಯ ಸೈನ್ಯದೆದುರು ಕಂಪಿಲರಾಯನ ರಾಜ್ಯ 1327ರ ಸುಮಾರಿಗೆ ಬಿದ್ದು, ಒಂದು ದಶಕ ಕಳೆಯುವುದರೊಳಗೆ ನದಿಯ ಮೇಲ್ಭಾಗದಲ್ಲಿ ವಿಜಯನಗರ ತಲೆಯೆತ್ತಿತು. ಆ ರಾಜನ ಮಗ ಗಂಡುಗಲಿ ಕುಮಾರರಾಮನನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆಯಲ್ಲಿ ಹಾಡಿದರು. ಓದು ಬಾರದ ಆ ಕಲಾವಿದೆಯ ನಾಲಿಗೆಯ ಮೇಲಿದ್ದ ಕಾವ್ಯಗಳನ್ನು ವಿದ್ವಾಂಸರು ಬರೆದುಕೊಂಡರು. 2014ರಲ್ಲಿ ಅವರು ತೀರಿಕೊಂಡರೂ ಹಾಡಿನ ಧ್ವನಿಮುದ್ರಣಗಳು ಅಂತರಜಾಲದಲ್ಲಿ ಸಿಗುತ್ತವೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಅದನ್ನು ಕೇಳುತ್ತ ಹೋದರೆ, ನದಿ ದಂಡೆಯ ಕಂಪ್ಲಿ ಕೋಟೆಯ ಅಳಿದುಳಿದ ಗೋಡೆಗಳಿಗೆ ಮಾತು ಬರುತ್ತದೆ.

ಕಂಪ್ಲಿಯ ಸೇತುವೆಯವರೆಗಿನ ನದಿಯ 34 ಕಿಲೋಮೀಟರ್ ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಬೆಳಗಿನ ಹೊತ್ತು ಸದ್ದಿಲ್ಲದೆ ದಂಡೆಯ ಬಂಡೆಯ ಮೇಲೆ ಕೂತರೆ ಮೀನು ಹಿಡಿಯುವ ನೀರುನಾಯಿಗಳ ಗುಂಪು ಕಂಡೀತು. ಕಾಣದೆಯೂ ಇರಬಹುದು, ಆ ಕಾಯುವಿಕೆಗೆ ಇಬ್ಬರ ಸಹನೆಯೂ ಬೇಕು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಈ ಸೇತುವೆ ಮುಳುಗಿ ಗಂಗಾವತಿಯ ಸಂಪರ್ಕ ಕಡಿಯುತ್ತದೆ. ಮಳೆಗಾಲದಲ್ಲಿ ಹೊರಡುವ ಮುನ್ನ ಹೊರಹರಿವು ಎಷ್ಟೆಂದು ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು.

ಪ್ರಾಣಿ, ಪಕ್ಷಿಗಳ ಆಸಕ್ತಿ ಇಬ್ಬರಲ್ಲಿ ಒಬ್ಬರಿಗಿದ್ದರೆ ಇನ್ನೆರಡು ಜಾಗಗಳಿವೆ. 1994ರಲ್ಲಿ ಆರಂಭವಾದ ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನದ ನಂತರ ವೀಕ್ಷಣಾ ಗೋಪುರದಿಂದ, ಬಂಡೆಯ ಮೇಲೆ ಇಟ್ಟ ತಿನಿಸಿಗೆ ಇಳಿದು ಬರುವ ಕರಡಿಗಳನ್ನು ನೋಡಬಹುದು. ದುರ್ಬೀನು ಬೇಕೇ ಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಲ್ಲಿ ನೀರಿನ ನಡುವಿನ ಜಾಲಿ ಮರಗಳ ಮೇಲೆ ಬಾಯ್ಕಳಕ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿದೆ.

ಆಸಕ್ತಿ ಒಂದೇ ಆಗಿಲ್ಲದ ಜೋಡಿಗಳು ಅರ್ಧ ದಿನ ಬೇರೆಬೇರೆಯಾಗಿ ಕಳೆಯಲು ಹಿಂಜರಿಯಬಾರದು. ಒಬ್ಬರು ಸಂಗ್ರಹಾಲಯದಲ್ಲಿ, ಇನ್ನೊಬ್ಬರು ಬೆಟ್ಟದ ಮೇಲೆ ಬೆಳಗು ಕಳೆದು ಊಟಕ್ಕೆ ಸೇರಿದರೆ ಹೇಳಿಕೊಳ್ಳಲು ಇಬ್ಬರಿಗೂ ಹೊಸದಿರುತ್ತದೆ. ಹಳೆಯದನ್ನೆಲ್ಲ ಕೈಬಿಡಬೇಕಾಗಿಯೂ ಇಲ್ಲ. ಪ್ರತಿ ಸಲ ವಿರೂಪಾಕ್ಷನಿಗೆ ಕೈಮುಗಿಯುವುದೋ, ಒಂದೇ ಅಂಗಡಿಯ ಚಹಾ ಕುಡಿಯುವುದೋ ಇಬ್ಬರಿಗೂ ಪ್ರಿಯವಾಗಿದ್ದರೆ ಅದನ್ನು ಹಾಗೇ ಉಳಿಸಿಕೊಂಡು, ಉಳಿದದ್ದನ್ನು ಬದಲಿಸಬೇಕು. ಎರಡು ರಾತ್ರಿಯ ಪ್ರವಾಸಕ್ಕೆ ಹಂಪಿಯ ಒಂದು ಎಳೆ ಮತ್ತು ಸಂಡೂರು, ಆನೆಗೊಂದಿ, ಕಂಪ್ಲಿಗಳಲ್ಲಿ ಯಾವುದಾದರೂ ಒಂದು ಸಾಕು. ಮೂರನ್ನೂ ತುರುಕಿದರೆ ಮತ್ತೆ ಹಳೆಯ ಪಟ್ಟಿಯ ಓಟವೇ ಆದೀತು.

ಹಂಪಿ ಎಕ್ಸ್‌ಪ್ರೆಸ್ ರೈಲು ಮೈಸೂರು, ಬೆಂಗಳೂರು ಮತ್ತು ಹುಬ್ಬಳ್ಳಿಯಿಂದ ಹೊಸಪೇಟೆಗೆ ಬರುತ್ತದೆ. ಹೊಸಪೇಟೆಯಿಂದ ಹಂಪಿ, ಕಂಪ್ಲಿ, ಸಂಡೂರು ಮೂರಕ್ಕೂ ಸರ್ಕಾರಿ ಬಸ್ಸುಗಳಿವೆ. ಕುಮಾರಸ್ವಾಮಿ ಬೆಟ್ಟ, ದರೋಜಿ, ಅಂಕಸಮುದ್ರಗಳಿಗೆ ಮಾತ್ರ ಬಾಡಿಗೆ ಕಾರು ಅಥವಾ ಆಟೊ ಗೊತ್ತುಮಾಡಿಕೊಳ್ಳಬೇಕು. ನದಿಯಲ್ಲಿ ಎಲ್ಲೂ ಈಜಲು ಇಳಿಯಬಾರದು. ಬಂಡೆಗಳ ಅಡಿಯ ಸುಳಿಗಳು ಈಜು ಬಲ್ಲವರನ್ನೂ ಎಳೆದಿವೆ. ಕತ್ತಲಾದ ಮೇಲೆ ಕಾಲುವೆ ದಂಡೆ, ನಿರ್ಜನ ಬಂಡೆಗಳ ಬಳಿ ಇರಬಾರದು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿಯಾಗಿ ಜೀವಹಾನಿಯೂ ಆಯಿತು. ಸೂರ್ಯಾಸ್ತ ನೋಡಲು ಬೆಟ್ಟ ಹತ್ತುವವರು ಟಾರ್ಚ್ ಇಟ್ಟುಕೊಂಡು, ಉಳಿದವರು ಇಳಿಯುವಾಗಲೇ ಜೊತೆಗೆ ಇಳಿಯಬೇಕು.